ಡಬ್ಬಿಶಾಸನಗಳು: ಬಚ್ಚಲುಮನೆ ಲಿಪಿಶಾಸ್ತ್ರಕ್ಕೊಂದು ಪೀಠಿಕೆ

ಬಿ.ಎಲ್. ರೈಸ್ ಮೈಸೂರು ಸೀಮೆಯ ಊರೂರು ತಿರುಗಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿಗಾಗಿ ಸಾವಿರಾರು ಶಾಸನಗಳನ್ನು ಕಲೆಹಾಕಿದರು. ವೀರಗಲ್ಲು, ಮಾಸ್ತಿಕಲ್ಲು, ತಾಮ್ರಪಟ ಯಾವುದನ್ನೂ ಬಿಟ್ಟವರಲ್ಲ. ಆದರೂ ವಿದ್ವತ್ ಲೋಕದ ಕಣ್ಣು ತಪ್ಪಿಸಿಕೊಂಡ ಒಂದು ಶಾಸನವರ್ಗ ಇಂದಿಗೂ ಉಳಿದಿದೆ. ಬಚ್ಚಲುಮನೆಯ ಕನ್ನಡಿಯ ಕೆಳಗೆ ಸಾಲಾಗಿ ನಿಂತ ಕ್ರೀಮು, ಸೀರಮ್, ಫೇಸ್‌ವಾಶ್‌ಗಳ ಮೈಮೇಲಿನ ಬರಹವೇ ಅದು. ರೈಸ್ ಅವರನ್ನು ದೂರುವಂತಿಲ್ಲ. ಅವರ ಕಾಲದ ಬಚ್ಚಲಲ್ಲಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು. ಅವುಗಳ ಮೇಲೆ ಯಾರೂ ಏನನ್ನೂ ಬರೆಸಿರಲಿಲ್ಲ.

ಈ ನೆಲೆಯ ಉತ್ಖನನಕ್ಕೆ ಗುದ್ದಲಿ ಬೇಡ, ಮನೆಯವರು ಹೊರಗೆ ಹೋಗಿರಬೇಕು, ಅಷ್ಟೆ. ಒಂದು ಡಬ್ಬಿ ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುವುದರಿಂದ ಕಾಲಸ್ತರಗಳು ಸ್ಪಷ್ಟವಾಗಿ ಸಿಗುತ್ತವೆ: ಮುಂದಿನ ಸಾಲಿನಲ್ಲಿ ಸೊಸೆಯ ಕಾಲ, ಅದರ ಹಿಂದೆ ಅತ್ತೆಯ ಕಾಲ, ಗೋಡೆಗೆ ಅಂಟಿಕೊಂಡಂತೆ ಯಾರ ಕಾಲದ್ದೆಂದು ಯಾರೂ ಒಪ್ಪಿಕೊಳ್ಳದ ಒಂದು ಕ್ಯಾಲಮೈನ್ ಸೀಸೆ. ಕಾಲನಿರ್ಣಯಕ್ಕೆ ನೆರವಾಗುವ ಚಿಹ್ನೆಯೂ ಉಂಟು. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ ‘12ಎಂ’. ಹನ್ನೆರಡು ಮಂದಿಗೆ ಸಾಕಾಗುತ್ತದೆಂದು ಒಂದು ಪಂಥ, ಹನ್ನೆರಡು ಸಲ ಹಚ್ಚಬೇಕೆಂದು ಇನ್ನೊಂದು ಪಂಥ ವಾದಿಸುತ್ತವೆ. ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳಲ್ಲಿ ಬಳಸಿ ಮುಗಿಸಬೇಕೆಂಬ ಸರಿಯಾದ ಅರ್ಥಕ್ಕೆ ನಮ್ಮ ಮನೆಗಳಲ್ಲಿ ಇನ್ನೂ ಮನ್ನಣೆ ಸಿಕ್ಕಿಲ್ಲ.

ಶಿಲಾಶಾಸನಕ್ಕೂ ಡಬ್ಬಿಶಾಸನಕ್ಕೂ ರಚನೆ ಒಂದೇ. ಮೊದಲು ಪ್ರಶಸ್ತಿ, ಆಮೇಲೆ ದಾನದ ವಿವರ, ಕೊನೆಗೆ ಶಾಪಾಶಯ. ಎರಡು ಹಳ್ಳಿ ಆಳುತ್ತಿದ್ದ ಪಾಳೆಯಗಾರನನ್ನೂ ಕಡಲು ಸುತ್ತಿದ ಭೂಮಿಗೆಲ್ಲ ಒಡೆಯನೆಂದು ಹೊಗಳುವುದು ಪ್ರಶಸ್ತಿಯ ಧರ್ಮ. ಡಬ್ಬಿಯ ಮುಂಬದಿಯಲ್ಲೂ ಅದೇ ಧಾಟಿ: ಮೊಡವೆಕುಲಾಂತಕ, ಕಲೆಗಳ ಗಂಡ, ತ್ರಿದಿನಧವಳ. ಪ್ರಶಸ್ತಿಯನ್ನು ನಂಬಿ ಇತಿಹಾಸ ಬರೆಯಬಾರದೆಂದು ಎಂ.ಎ. ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ನಂಬಿ ಮುಖಕ್ಕೆ ಹಚ್ಚಬಾರದೆಂದು ಮಾತ್ರ ಯಾವ ವರ್ಷದಲ್ಲೂ ಹೇಳಿಕೊಡುವುದಿಲ್ಲ.

ಬಿರುದುಗಳಲ್ಲಿ ಕೆಲವನ್ನು ಬಿಡಿಸಿ ನೋಡಬೇಕು. ‘ಡರ್ಮಟಾಲಜಿಸ್ಟ್ ಪರೀಕ್ಷಿತ’ ಎಂದರೆ ವೈದ್ಯರೊಬ್ಬರು ಪರೀಕ್ಷಿಸಿದ್ದಾರೆ ಎಂದಷ್ಟೇ. ಪರೀಕ್ಷಿಸಿ ಏನೆಂದರು ಎಂಬ ಸಾಲು ತ್ರುಟಿತವಾಗಿದೆ. ‘ಹೈಪೋಅಲರ್ಜೆನಿಕ್’ ಬಿರುದನ್ನು ಯಾರು ಧರಿಸಬಹುದೆಂದು ಅಮೆರಿಕದ ಎಫ್‌ಡಿಎ 1975ರಲ್ಲಿ ನಿಯಮ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ನಿಯಮ ಬಿದ್ದುಹೋಯಿತು. ಅಂದಿನಿಂದ ಆ ದೇಶದಲ್ಲಿ ಬಿರುದು ಸರ್ವರಿಗೂ ಮುಕ್ತ. ರಂಧ್ರ ಕಟ್ಟುವುದಿಲ್ಲ ಎಂಬರ್ಥದ ‘ನಾನ್-ಕೊಮೆಡೊಜೆನಿಕ್’ ಬಿರುದಿನ ಮೂಲ ಹುಡುಕಿ ಹೊರಟರೆ ಮೊಲದ ಕಿವಿಗೆ ಹೋಗಿ ಮುಟ್ಟುತ್ತೇವೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಪ್ರಸಾಧನಗಳನ್ನು ಮೊಲಗಳ ಕಿವಿಯೊಳಗೆ ಹಚ್ಚಿ ನೋಡಿದರು. ಮೊಲದ ಕಿವಿ ಮನುಷ್ಯರ ಕೆನ್ನೆಗಿಂತ ಬಹಳ ಬೇಗ ಮುನಿಸಿಕೊಳ್ಳುವ ವಸ್ತು. ಇಂದಿಗೂ ಹಲವು ಪಟ್ಟಿಗಳಲ್ಲಿ ಕೊಬ್ಬರಿ ಎಣ್ಣೆಗೆ ಸಿಗುವ ಅಂಕ ಆ ಕಿವಿಗಳ ಪರಂಪರೆಯದ್ದು.

‘ನ್ಯಾಚುರಲ್’ ಬಿರುದಿನ ಬಗ್ಗೆ ಹೆಚ್ಚು ಬರೆಯುವುದು ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ನ್ಯಾಚುರಲ್ಲೇ. ಅದು ತಾಗಿದ ತುಟಿ ಏನಾಗುತ್ತದೆಂದು ಕರಾವಳಿಯ ಯಾವ ಮಗುವನ್ನು ಬೇಕಾದರೂ ಕೇಳಿ. ಮುಖಕ್ಕೆ ನಿಂಬೆಹಣ್ಣು ಉಜ್ಜುವ ಪಂಥದವರಿಗೂ ಇದೇ ಉತ್ತರ. ಚರ್ಮದ ಮೇಲ್ಪದರದ ಪಿಎಚ್ ಸುಮಾರು 5, ನಿಂಬೆರಸದ್ದು ಸುಮಾರು 2. ರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪು ಕಲೆ ನಿಲ್ಲುವುದುಂಟು. ಆ ಬೊಬ್ಬೆಗೆ ಗ್ರೀಕ್ ಬೇರಿನ ಉದ್ದನೆಯ ಹೆಸರೂ ಇದೆ. ಪ್ರಬಂಧದ ತೂಕ ಹೆಚ್ಚಿಸಲು ಅದನ್ನು ಬಳಸುವ ಆಸೆಯನ್ನು ಹತ್ತಿಕ್ಕಲಾಗಿದೆ. ಸಾಬೂನು ಇದರ ಎದುರು ದಿಕ್ಕಿನದು, ಪಿಎಚ್ 9ರಿಂದ 10. ತೊಳೆದ ಮೇಲೆ ಮುಖ ಬಿಗಿದುಕೊಂಡರೆ ‘ಕ್ಲೀನ್ ಆಯ್ತು’ ಎಂದು ಓದುವುದು ಪಾಠದೋಷ. ಚರ್ಮ ತನ್ನ ಜಿಡ್ಡಿನ ಬೇಲಿಯನ್ನು ಕಳೆದುಕೊಂಡಿತು ಎಂಬುದು ಮೂಲಪಾಠ.

ಪ್ರಾಚೀನ ಆಧಾರವಿಲ್ಲದ ಪ್ರಬಂಧಕ್ಕೆ ಬೆಲೆಯಿಲ್ಲವಾದ್ದರಿಂದ ಹೇಳುತ್ತೇನೆ: ಹನ್ನೊಂದನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೆ ಜಾಗ ಕೊಟ್ಟಿದ್ದಾನೆ. ಹನ್ನೆರಡನೇ ಶತಮಾನದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅಭ್ಯಂಗ, ಸ್ನಾನ, ವಿಲೇಪನಗಳನ್ನು ರಾಜಭೋಗಗಳ ಸಾಲಿಗೆ ಸೇರಿಸಿದ್ದಾನೆ. ಅವನಿಗೆ ಪರಿಚಾರಕರಿದ್ದರು, ನಮಗೆ ರೀಲ್ಸ್ ಇವೆ. ಮುಂದಕ್ಕೆ ಹೋಗೋಣ.

ಡಬ್ಬಿಯ ಹಿಂಬದಿಯೇ ನಿಜವಾದ ಶಾಸನ. ಅಕ್ಷರ ಸಾಸಿವೆಗಿಂತ ಚಿಕ್ಕದು. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕು. ಪದಾರ್ಥಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ನಮೂದಿಸಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಗೆ ಹೇಗೆ ಬೇಕಾದರೂ ಪೋಣಿಸಬಹುದು ಎಂಬುದು ಕಾನೂನು. ಇಲ್ಲಿ ಸಂಶೋಧಕರಿಗೊಂದು ಎಲ್ಲೆಕಲ್ಲು ಸಿಗುತ್ತದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಅದರ ಆಚೆಗೆ ಕೂತ ಯಾವ ಪದಾರ್ಥವೂ ಶೇ. 1 ದಾಟಿರಲಾರದು. ಮುಂಬದಿಯಲ್ಲಿ ಇಡೀ ಡಬ್ಬಿ ತುಂಬ ಅರಳಿ ನಿಂತ ಕೇಸರಿ ಹೂವು ಹಿಂಬದಿಯಲ್ಲಿ ಈ ಕಲ್ಲಿನಾಚೆ, ಬಣ್ಣಕ್ಕೂ ಪರಿಮಳಕ್ಕೂ ನಡುವೆ ಮುದುಡಿ ಕೂತಿದ್ದರೆ ಅದಕ್ಕೆ ಸಿಕ್ಕಿದ್ದು ಬಿರುದು ಮಾತ್ರ, ಭೂಮಿ ಇಲ್ಲ. ಪರಿಮಳದ ಮೇಲೂ ಒಂದು ಕಣ್ಣಿರಲಿ. ಪ್ರಸಾಧನಗಳಿಂದ ಬರುವ ಅಲರ್ಜಿಗಳಲ್ಲಿ ಅದರ ಕೈವಾಡ ದೊಡ್ಡದು. ‘ಅನ್‌ಸೆಂಟೆಡ್’ ಎಂದಿರುವುದರಲ್ಲೂ ವಾಸನೆ ಮುಚ್ಚಲು ಇನ್ನೊಂದು ವಾಸನೆ ಸೇರಿಸಿರುವುದುಂಟು.

ಇನ್ನು ಕೂಟಶಾಸನಗಳು. ತಾಮ್ರಪಟಗಳಲ್ಲಿ ಖೋಟಾ ಇದ್ದಂತೆ ಇಲ್ಲಿಯೂ ಇವೆ, ಮತ್ತು ಇವು ಪ್ರಶಸ್ತಿಯಲ್ಲಿ ಹೇಳಿದ್ದನ್ನು ಮಾಡಿ ತೋರಿಸುವುದರಿಂದಲೇ ಅಪಾಯಕಾರಿ. ಮೊಲದ ಕಿವಿಯ ಕ್ಲಿಗ್ಮನ್ನರೇ 1975ರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಬೆರೆಸಿದ ಮಿಶ್ರಣವನ್ನು ಪ್ರಕಟಿಸಿದರು. ಈ ಜಾತಿಯ ಕ್ರೀಮು ಮುಖದ ಮೇಲೆ ಕಲೆಯಾಗಿ ಮೂಡುವ ಬಂಗಿಗೆ ಔಷಧ. ವೈದ್ಯರು ನೋಡಿ, ಲೆಕ್ಕದ ವಾರಗಳಿಗೆ ಬರೆದುಕೊಡುವಂಥದ್ದು. ನಮ್ಮಲ್ಲಿ ಅದು ಮದುವೆ ಸಾಮಾನಿನ ಪಟ್ಟಿ ಸೇರಿತು. ಸ್ಟೀರಾಯ್ಡ್ ಕ್ರೀಮುಗಳಿಗೆ ವೈದ್ಯರ ಚೀಟಿ ಬೇಕೆಂದು ಸರ್ಕಾರ 2018ರಲ್ಲಿ ಅವನ್ನು ಶೆಡ್ಯೂಲ್ ಎಚ್‌ಗೆ ತಂದಿತು. ಆನಂತರದ ಮೌಖಿಕ ಪರಂಪರೆಯ ಪಾಠ ಹೀಗಿದೆ:

“ಅಣ್ಣಾ, ಅದೇ ಕ್ರೀಮ್ ಇನ್ನೊಂದು ಟ್ಯೂಬ್ ಕೊಡಿ.”

“ಚೀಟಿ ಇದ್ಯಾಮ್ಮಾ?”

“ಚೀಟಿ ಯಾಕಣ್ಣಾ? ಹಚ್ಕೊಳ್ಳೋದು ತಾನೆ, ನುಂಗೋದಲ್ವಲ್ಲ.”

“ಅದೂ ಸರಿ ಬಿಡಿ.”

ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮುಖ ಬಿಳಚಿಕೊಳ್ಳುತ್ತದೆ, ನೆಂಟರು ಹೊಗಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಇಣುಕಿ, ಮೊಡವೆ ಎದ್ದು, ಬೇಡದ ಕಡೆ ಕೂದಲು ಮೂಡುತ್ತದೆ. ನಿಲ್ಲಿಸಿದರೆ ಕೆಂಡದಂತೆ ಉರಿ; ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುವುದು. ತಾರ್ಕಿಕರು ಇದನ್ನು ಚಕ್ರಕದೋಷ ಎನ್ನುತ್ತಾರೆ, ಅಂಗಡಿಯವರು ಕಾಯಂ ಗಿರಾಕಿ ಎನ್ನುತ್ತಾರೆ. ಇದರಿಂದ ಬಿಡಿಸಿಕೊಳ್ಳಲು ಬೇಕಾದದ್ದು ಚರ್ಮವೈದ್ಯರು, ಮತ್ತೊಂದು ಟ್ಯೂಬಲ್ಲ.

ಎರಡನೇ ಬಗೆಯ ಕೂಟಶಾಸನದಲ್ಲಿ ಹಿಂಬದಿಯೇ ಬೋಳು. ತಯಾರಕರ ವಿಳಾಸವಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ, ಪದಾರ್ಥಗಳ ಪಟ್ಟಿಯಿಲ್ಲ. ಒಳಗೆ ಪಾದರಸ ಇರಬಹುದು. ಅದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಆಮೇಲೆ ಒಳಗಿಳಿದು ಮೂತ್ರಪಿಂಡ ಹುಡುಕಿಕೊಂಡು ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಂಡು ಬಂದವರ ದಿನಚರಿಯನ್ನು ವೈದ್ಯರು ಕೆದಕಿದಾಗ ಸಿಕ್ಕಿದ್ದು ಬೆಳ್ಳಗಾಗುವ ಕ್ರೀಮು. ಆದ್ದರಿಂದ ಈ ಶಾಸ್ತ್ರದ ಸೂತ್ರ: ‘ಶೀಘ್ರಂ ಚೇತ್ ಶಂಕಾ’. ಮೂರು ದಿನದಲ್ಲಿ ಫಲ ಕಂಡರೆ ಪದಾರ್ಥವನ್ನು ಅನುಮಾನಿಸು. ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು; ಅದನ್ನು ಮೀರಿ ಅವಸರ ಮಾಡುವುದು ಔಷಧ ಅಥವಾ ವಿಷ.

ಈ ವಿಧಾನದಿಂದ ಹಲಗೆಯ ಮೇಲಿನ ಶಾಸನಗಳನ್ನೆಲ್ಲ ಓದಿದರೆ ದಿನಬಳಕೆಗೆ ಉಳಿಯುವುದು ಮೂರು: ಚರ್ಮವನ್ನು ಬಿಗಿಸದ ಒಂದು ಫೇಸ್‌ವಾಶ್, ಪರಿಮಳವಿಲ್ಲದ ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಹತ್ತು ಹಂತದ ಕೊರಿಯನ್ ಪಂಥದವರು ಮುನಿಸಿಕೊಳ್ಳಬಹುದು. ಸನ್‌ಸ್ಕ್ರೀನಿನ ಅಂಕಿಗಳ ಬಗ್ಗೆ ನಡೆಯುವ ಜಗಳಕ್ಕೂ ಇಲ್ಲೇ ತೆರೆ ಎಳೆಯಬಹುದು. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ ಕಿರಣಗಳನ್ನು ತಡೆದರೆ, 50 ತಡೆಯುವುದು ಸುಮಾರು ಶೇ. 98. ಈ ಲೆಕ್ಕವೆಲ್ಲ ಪ್ರಯೋಗಾಲಯದಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನದು, ಎಂದರೆ ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಹತ್ತಿರಹತ್ತಿರ ಒಂದು ಗ್ರಾಂ. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬು ದಿನಕ್ಕೊಮ್ಮೆಯಂತೆ ಐವತ್ತು ದಿನಕ್ಕೆ ಮುಗಿಯಬೇಕು. ಯುಗಾದಿಗೆ ತಂದದ್ದು ದೀಪಾವಳಿಗೂ ಉಳಿದಿದ್ದರೆ ಆ ಮನೆಯವರು ಹಚ್ಚಿದ್ದು ಸನ್‌ಸ್ಕ್ರೀನನ್ನಲ್ಲ, ಅದರ ಭಾವನೆಯನ್ನು.

ಕೊನೆಗೆ ಶಾಪಾಶಯ. ಧರ್ಮ ಕೆಡಿಸಿದವರು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾರೆಂದು ಕಲ್ಲು ಹೆದರಿಸಿದರೆ, ಉರಿ ತುರಿಕೆ ಬಂದರೆ ಬಳಕೆ ನಿಲ್ಲಿಸಿ ಎಂದು ಡಬ್ಬಿ ಸಭ್ಯವಾಗಿ ಬೇಡುತ್ತದೆ. ‘ಉರೀತಿದೆ ಅಂದ್ರೆ ಕೆಲಸ ಮಾಡ್ತಿದೆ’ ಎಂಬುದು ಜನಪದ ವ್ಯಾಖ್ಯಾನ. ಇದನ್ನು ಖಂಡಿಸಲೆಂದು ನಮ್ಮ ಸೋದರತ್ತೆಗೆ ಪ್ಯಾಚ್ ಟೆಸ್ಟಿನ ವಿಚಾರ ತಿಳಿಸಲಾಯಿತು. ಹೊಸ ಕ್ರೀಮನ್ನು ಮೊದಲು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಬೇಕು. ಚರ್ಮದ ಅಲರ್ಜಿಯನ್ನು ಹೀಗೆ ಹಚ್ಚಿ ಕಂಡುಹಿಡಿಯುವ ವಿದ್ಯೆಗೆ 1895ರಲ್ಲೇ ಯಾಡಸೋನ್ ಎಂಬ ಜರ್ಮನ್ ವೈದ್ಯ ಬುನಾದಿ ಹಾಕಿದ. ಅತ್ತೆ ಎಲ್ಲವನ್ನೂ ಗಮನವಿಟ್ಟು ಕೇಳಿ, “ಅಲ್ವೋ, ನಾಡಿದ್ದೇ ಗೃಹಪ್ರವೇಶ. ಮೊಣಕೈ ಬೆಳ್ಳಗಾದ್ರೆ ನೋಡೋರ್ಯಾರು?” ಎಂದರು. ಈ ಪೂರ್ವಪಕ್ಷಕ್ಕೆ ಸಮಾಧಾನವನ್ನು ಎರಡನೇ ಸಂಪುಟದಲ್ಲಿ ಕೊಡಲಾಗುವುದು.