ಮಾತ್ರೆ ರಾಯರು

ಮದುವೆ ಮನೆಯಲ್ಲಿ ಯಾರಾದರೂ ಹಣೆ ಮುಟ್ಟಿಕೊಂಡರೆ ಸಾಕು, ಎರಡು ಸಾಲು ಆಚೆ ಕೂತ ಮಾತ್ರೆ ರಾಯರ ಕೈ ಜುಬ್ಬಾದ ಜೇಬಿಗೆ ಹೋಗುತ್ತದೆ. ಮುಟ್ಟಿಕೊಂಡವರು ಬೆವರು ಒರೆಸಿಕೊಂಡಿರಬಹುದು, ಕುಂಕುಮ ಸರಿಮಾಡಿಕೊಂಡಿರಬಹುದು. ರಾಯರ ಪ್ರಕಾರ ಅದು ತಲೆನೋವೇ. "ತಗೊಳ್ಳಿ, ನುಂಗಿ. ಎಲೆ ಹಾಕೋದರೊಳಗೆ ಮಾಯ. ಬರೀ ಪ್ಯಾರಸಿಟಮಾಲ್ ಕಣ್ರೀ, ಏನೂ ಆಗಲ್ಲ."

ರಾಯರು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಲೆಕ್ಕ ತನಿಖೆ ಮಾಡುತ್ತಲೇ ತಲೆ ನರೆಸಿಕೊಂಡು ನಿವೃತ್ತರಾದವರು. ತರಕಾರಿ ಗಾಡಿಯವನು ಕೂಡಿದ್ದನ್ನು ಮತ್ತೊಮ್ಮೆ ಕೂಡಿ ನೋಡುವವರು, ಹಾಲಿನ ಬಾಬ್ತಿನಲ್ಲಿ ಎಂಟಾಣೆ ಹೆಚ್ಚಾದರೆ ಬೂತಿನ ತನಕ ನಡೆಯುವವರು. ಅಷ್ಟೂ ನಿಗಾ ಮಾತ್ರೆಯ ವಿಷಯ ಬಂದಾಗ ಎಲ್ಲಿ ಅಡಗುತ್ತದೋ, ದೇವರಿಗೇ ಗೊತ್ತು.

ಅವರ ದಾಸ್ತಾನು ನೋಡುವಂಥದ್ದು. ಒಂದು ಪಟ್ಟಿಯನ್ನು ನಾಲ್ಕು ಮನೆಗೆ ಕತ್ತರಿಸಿ ಹಂಚಿದ್ದರಿಂದ ಉಳಿದ ತುಂಡಿನ ಮೇಲೆ 'ಟಮಾಲ್' ಎಂಬಷ್ಟೇ ಇರುತ್ತದೆ. 'ಪ್ಯಾರಸಿ' ಎದುರು ಮನೆಗೆ ಹೋಗಿದೆ. ಮುಗಿಯುವ ತಾರೀಖು ಹೋದ ವರ್ಷದ ಧರ್ಮಸ್ಥಳ ಪ್ರವಾಸದಲ್ಲಿ ಯಾರದೋ ಪಾಲಿಗೆ ಹೋಯಿತು. ಎಷ್ಟು ಮಿಲಿಗ್ರಾಂ ಎಂದು ಕೇಳಿದರೆ, "ಗುಂಡಗಿದ್ದರೆ 500, ಉದ್ದಕ್ಕಿದ್ದರೆ 650" ಎಂಬ ಸ್ವಂತ ಶಾಸ್ತ್ರ.

ಶಾಸ್ತ್ರ ಅಲ್ಲಿಗೇ ನಿಲ್ಲುವುದಿಲ್ಲ. ಕ್ರೋಸಿನ್ ತಲೆನೋವಿಗೆ, ಕಾಲ್ಪಾಲ್ ಮಕ್ಕಳಿಗೆ, ಡೋಲೋ ದೊಡ್ಡ ಜ್ವರಕ್ಕೆ. ಡೋಲೋ ಮೇಲೆ ಒಂದು ಕೈ ಹೆಚ್ಚು ಅಭಿಮಾನ. ತಯಾರಿಸುವ ಮೈಕ್ರೋ ಲ್ಯಾಬ್ಸ್ ಬೆಂಗಳೂರಿನದು, ಕೋವಿಡ್ ಕಾಲದಲ್ಲಿ ಅದು ಮನೆಮನೆಗೂ ತೀರ್ಥದಂತೆ ಹಂಚಿಕೆಯಾದದ್ದು. "ನಮ್ಮ ಮನೆಯವಳಿಗೆ ಕ್ರೋಸಿನ್ ಹಿಡಿಸೋಲ್ಲ, ಡೋಲೋನೇ ಆಗಬೇಕು" ಎನ್ನುತ್ತಾರೆ. ಒಳಗಿರುವುದು ಮೂರರಲ್ಲೂ ಅದೇ ಪ್ಯಾರಸಿಟಮಾಲ್ ಎಂದರೆ, ಹೇಳಿದವರ ಓದಿನ ಬಗ್ಗೆಯೇ ಅನುಮಾನ ಪಡುತ್ತಾರೆ.

ಈ ಶಾಸ್ತ್ರದ ಪೂರ್ಣ ಪ್ರಯೋಗ ಮೇಲಿನ ಮನೆಯ ಮೇಷ್ಟ್ರ ಮೇಲೆ ಆಯಿತು. ಮೇಷ್ಟ್ರಿಗೆ ಶೀತ, ಜ್ವರ, ಮೈಕೈನೋವು. ರಾಯರು ಜ್ವರಕ್ಕೆ 650ರದ್ದೊಂದು, ಮೈಕೈನೋವಿಗೆ 500ರದ್ದೊಂದು, ಶೀತಕ್ಕೆ ಶೀತದ್ದೇ ಒಂದು ಎಂದು ದಿನಕ್ಕೆ ಮೂರು ಹೊತ್ತು ಬರೆದುಕೊಟ್ಟರು. ಚೀಟಿ ಮೂಲೆಯ ಮೆಡಿಕಲ್ ಶಾಪಿಗೆ ಬಂತು. ಅಲ್ಲಿ ಫಾರ್ಮಸಿ ಓದಿದ ಹುಡುಗಿ ಮಾತ್ರೆ ಕೊಡಲಿಲ್ಲ; ಚೀಟಿಯ ಹಿಂದೆ ಲೆಕ್ಕ ಬರೆದು ಕಳಿಸಿದಳು. ಆ ಶೀತದ ಮಾತ್ರೆಯಲ್ಲೂ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಹೊತ್ತಿಗೆ 1650, ದಿನಕ್ಕೆ 4950. ಆರೋಗ್ಯವಂತ ದೊಡ್ಡವರಿಗೂ ಒಂದು ಸಲಕ್ಕೆ 1000, ಇಡೀ ದಿನಕ್ಕೆ 4000 ದಾಟುವಂತಿಲ್ಲ. ಒಂದು ಡೋಸಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 4ರಿಂದ 6 ಗಂಟೆ ಬೇಕು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ನಿತ್ಯ ಕುಡಿಯುವವರಿಗೆ ಮಿತಿ ಇನ್ನೂ ಕೆಳಗೆ; ಅದನ್ನು ಡಾಕ್ಟರೇ ಹೇಳಬೇಕು.

ರಾಯರು ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು. ತಪ್ಪು ಸಿಗಲಿಲ್ಲ. "ಹೆಚ್ಚಾದರೆ ಏನಾಗತ್ತೆ, ವಾಂತಿ ಆಗತ್ತೆ ಅಷ್ಟೇ ತಾನೆ?" ಎಂದು ಅಂಗಡಿಗೇ ಬಂದರು.

ಕಷ್ಟ ಇರುವುದೇ ಅಲ್ಲಿ. ಪ್ಯಾರಸಿಟಮಾಲ್ ಕರಗುವುದು ಲಿವರಿನಲ್ಲಿ. ಅದರ ಒಂದು ಸಣ್ಣ ಪಾಲು ವಿಷವಾಗುತ್ತದೆ. ಲಿವರ್ ತನ್ನಲ್ಲಿರುವ ಗ್ಲುಟಾಥಯೋನ್ ಖರ್ಚು ಮಾಡಿ ಅದನ್ನು ತಣ್ಣಗಾಗಿಸುತ್ತದೆ. ಮಾತ್ರೆ ಮಿತಿಮೀರಿದರೆ ಆ ದಾಸ್ತಾನು ಬರಿದಾಗಿ, ವಿಷ ಲಿವರನ್ನೇ ತಿನ್ನತೊಡಗುತ್ತದೆ. ಮೊದಲ ದಿನ ಸ್ವಲ್ಪ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಕಣ್ಣು ಹಳದಿಯಾಗುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಆದರೆ 8 ಗಂಟೆಯೊಳಗೆ ಕೊಟ್ಟರೇ ಅದರ ಪೂರ್ತಿ ಫಲ. ಹೆಚ್ಚು ನುಂಗಿದ್ದು ಗೊತ್ತಾದರೆ 'ಏನೂ ಆಗಿಲ್ವಲ್ಲ' ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ರಾಯರಿಗೆ ಆಗ ಲಂಡನ್ ನೆನಪಾಯಿತು. ಮಗನ ಮನೆಗೆ ಹೋದಾಗ ಅಲ್ಲಿನ ಅಂಗಡಿಯವರು ಎರಡು ಪೊಟ್ಟಣದ ಮೇಲೆ ಕೊಡದೆ ಅವಮಾನ ಮಾಡಿದ್ದರಂತೆ. ಬ್ರಿಟನ್ನಿನಲ್ಲಿ 1998ರಿಂದ ಸಾಮಾನ್ಯ ಅಂಗಡಿಯ ಪೊಟ್ಟಣದಲ್ಲಿ 16 ಮಾತ್ರೆ, ಔಷಧಿ ಅಂಗಡಿಯದರಲ್ಲಿ 32 ಮಾತ್ರೆ ಮೀರುವಂತಿಲ್ಲ. ಆ ಕಾನೂನು ಬಂದದ್ದು ಇದೇ ಲಿವರಿನ ಕಾರಣಕ್ಕೆ. "ಹಾಗಾದ್ರೆ ಅವನು ಜಿಪುಣ ಅಲ್ಲ ಅನ್ನು" ಎಂದರು ರಾಯರು, ಒಲ್ಲದ ಮನಸ್ಸಿನಿಂದ.

ಮೊಮ್ಮಕ್ಕಳ ಸಿರಪ್ಪಿನ ವಿಷಯದಲ್ಲಿ ಅವರ ಅಳತೆ ಇವತ್ತಿಗೂ 'ಅರ್ಧ ಮುಚ್ಚಳ'. ಮಕ್ಕಳ ಡೋಸು ವಯಸ್ಸಿನ ಅಂದಾಜಿನದಲ್ಲ, ತೂಕದ್ದು: ಕಿಲೋಗೆ ಸುಮಾರು 15 ಮಿಲಿಗ್ರಾಂ. 5 ಎಂಎಲ್ ಸಿರಪ್ಪಿನಲ್ಲಿ ಒಂದು ಬಾಟಲಿಯದಾದರೆ 120, ಇನ್ನೊಂದರದಾದರೆ 250. ಹಸುಗೂಸುಗಳ ಡ್ರಾಪ್ಸಿನಲ್ಲಿ 1 ಎಂಎಲ್‌ಗೇ 100 ಇರುವುದುಂಟು. ಅದನ್ನು ಸಿರಪ್ಪೆಂದು ತಿಳಿದು ಒಂದು ಚಮಚ ಕುಡಿಸಿದರೆ 500. 10 ಕಿಲೋ ಮಗುವಿಗೆ ಸಲ್ಲಬೇಕಾದದ್ದು 150.

ರಾಯರನ್ನು ಪೂರ್ತಿ ಬಯ್ಯುವುದು ನ್ಯಾಯವಲ್ಲ. ಡೆಂಗಿ ಕಾಲದಲ್ಲಿ ಜ್ವರಕ್ಕೆ ಡಾಕ್ಟರುಗಳೂ ಕೊಡುವುದು ಇದನ್ನೇ. ಆಸ್ಪಿರಿನ್, ಐಬುಪ್ರೊಫೆನ್ ಆಗ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆದರೆ ಜ್ವರ ಇಳಿಯದಿದ್ದರೆ ರಾಯರು "ಸ್ವಲ್ಪ ಸ್ಟ್ರಾಂಗು" ಎಂದು ಕೊಡುವ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ನೂ ಇದೆ. ಎಡವುವುದು ಇಲ್ಲೇ: ಅವರ ಔದಾರ್ಯ ಹೆಚ್ಚಿದಷ್ಟೂ ರೋಗಿಯ ಗ್ರಹಚಾರ ಕೆಡುತ್ತದೆ.

ಹಾಗಾಗಿ ಓದುಗರೇ, ನಿಮ್ಮ ಬೀದಿಯ ರಾಯರು ಮಾತ್ರೆ ಚಾಚಿದರೆ ನಮಸ್ಕಾರ ಮಾಡಿ ಇಸಿದುಕೊಳ್ಳಿ. ನುಂಗುವ ಮೊದಲು ಹೆಸರು, ಮಿಲಿಗ್ರಾಂ, ತಾರೀಖು ಮೂರನ್ನೂ ಓದಿ. ಓದಲು ಸಿಗದ ತುಂಡನ್ನು ನುಂಗಬೇಡಿ. ಬೆಳಗಿನಿಂದ ಶೀತಕ್ಕೆ, ನೋವಿಗೆ ತಗೊಂಡದ್ದನ್ನೆಲ್ಲ ಕೂಡಿಸಿ. ಮೂರು ದಿನಕ್ಕೂ ಜ್ವರ ಬಿಡದಿದ್ದರೆ ರಾಯರನ್ನು ಬಿಟ್ಟು ಡಾಕ್ಟರನ್ನು ಕಾಣಿ.