ಮ್ಯಾಕಣ್ಣನ ಲಗ್ನಪತ್ರಿಕೆ

ಮ್ಯಾಕಣ್ಣನನ್ನು ನೀವು ನೋಡಿಯೇ ಇರುತ್ತೀರಿ. ಮೂಡಿಗೆರೆಯಲ್ಲೊಬ್ಬ, ಕಳಸದಲ್ಲೊಬ್ಬ, ಶನಿವಾರ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ಇನ್ನೊಬ್ಬ. ಕೆಲಸ ಬೆಂಗಳೂರಿನಲ್ಲಿ, ವಾರದ ಕೊನೆಗೆ ತೋಟ. ಅಪ್ಪನ ಜೀಪಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂರಲು ಅವನದೇನೂ ತಕರಾರಿಲ್ಲ, ತೊಡೆಯ ಮೇಲಿನ ಬೆಳ್ಳಿಬಣ್ಣದ ಲ್ಯಾಪ್‌ಟಾಪಿಗೆ ಮಾತ್ರ ಧೂಳು ತಾಗಬಾರದು. ಕಾಳುಮೆಣಸಿನ ರೇಟು, ಗದ್ದೆಗೆ ಬಂದ ಆನೆ, ಕೂಲಿಯವರ ಅಭಾವ, ಯಾವ ಮಾತು ತೆಗೆದರೂ ಅದನ್ನು ‘ಮ್ಯಾಕ್‌ಗೆ ವೈರಸ್ಸೇ ಬರಲ್ಲ’ ಎಂಬಲ್ಲಿಗೆ ತಂದು ಮುಟ್ಟಿಸಬಲ್ಲ.

ತಂಗಿಯ ಮದುವೆ ಗೊತ್ತಾಯಿತು. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಊರಲ್ಲಿ ಛತ್ರಗಳು ಸಿಗದ ಕಾಲ. ಲಗ್ನಪತ್ರಿಕೆ ನಾನೇ ಮಾಡ್ತೀನಿ ಅಂದ. ಮ್ಯಾಕ್‌ನ ಪೇಜಸ್‌ನಲ್ಲಿ ರಾತ್ರಿಯೆಲ್ಲ ಕೂತು ಮಾಡಿದ. ಅಂಚಿಗೆ ಕಾಫಿ ಹೂವು, ಮೇಲೆ ಗಣಪತಿ, ಸಾಲುಗಳ ನಡುವೆ ಧಾರಾಳ ಜಾಗ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಪೆನ್‌ಡ್ರೈವ್ ಹಿಡಿದು ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಬಂದ.

ಜಾತ್ರೆಯ ಕರಪತ್ರ, ಉತ್ತರಕ್ರಿಯೆ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಸುತ್ತಲ ಹಳ್ಳಿಗಳದ್ದೆಲ್ಲ ಹುಟ್ಟುವುದು ಆ ಅಂಗಡಿಯ ಹಳೇ ವಿಂಡೋಸ್ ಕಂಪ್ಯೂಟರಿನ ಪೇಜ್‌ಮೇಕರಿನಲ್ಲಿ. ಅಂಗಡಿಯ ಹುಡುಗ ಫೈಲಿನ ಮೇಲೆ ಕ್ಲಿಕ್ ಮಾಡಿದ. ಇದನ್ನು ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸು ಅವನನ್ನೇ ಕೇಳಿತು.

“ಅಣ್ಣ, ಇದು ಓಪನ್ ಆಗಲ್ಲ.”

“ನಮ್ಮನೇಲಿ ಸರಿ ಇತ್ತಲ್ಲೋ ಮಾರಾಯ!”

ಮ್ಯಾಕಣ್ಣಂದಿರ ಸಂಧ್ಯಾವಂದನೆ ಶುರುವಾಗುವುದೇ ಈ ಮಂತ್ರದಿಂದ.

ವರ್ಡಿಗೆ ಬದಲಿಸಿ ತಂದ. ಈ ಸಲ ತೆರೆಯಿತು. ಆದರೆ ಮ್ಯಾಕ್‌ನ ಜೊತೆ ಬರುವ ಕನ್ನಡ ಎಂಎನ್ ಫಾಂಟು ಈ ಅಂಗಡಿಗೆ ಎಲ್ಲಿಂದ ಬರಬೇಕು? ವಿಂಡೋಸು ತನ್ನ ತುಂಗಾವನ್ನು ತಂದು ಕೂರಿಸಿತು. ಅಕ್ಷರದ ಅಗಲ ಬದಲಾದರೆ ಸಾಲು ಮುರಿಯುವ ಜಾಗವೂ ಬದಲಾಗುತ್ತದೆ. ವರ ಒಂದನೇ ಪುಟದಲ್ಲಿ ಉಳಿದ, ಅವನ ಬಿಇ ಡಿಗ್ರಿ ಎರಡನೇ ಪುಟಕ್ಕೆ ಹೋಯಿತು. ಗಣಪತಿ ಜಾರಿ ಬಂದು ‘ಭೋಜನ’ದ ಮೇಲೆ ಕೂತ. ಅವನ ಸ್ವಭಾವಕ್ಕೆ ಅದು ಒಪ್ಪುವ ಜಾಗವೇ.

ಹುಡುಗ ಅಕ್ಷರಗಳನ್ನಷ್ಟೇ ಪೇಜ್‌ಮೇಕರಿಗೆ ಎತ್ತಿ ಹಾಕಿದ. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ. ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರಗಳನ್ನು ಬಾಡಿಗೆಗಿಟ್ಟ ಹಳೇ ನುಡಿ ಫಾಂಟುಗಳೇ ಅದಕ್ಕೆ ಗತಿ.

“ಯಾವ ಕಾಲದ್ದೋ ಇದು? ಒಂದು ಮ್ಯಾಕ್ ತಗೊಳ್ಳೋ.”

ಪೇಜ್‌ಮೇಕರ್ 1985ರಲ್ಲಿ ಹುಟ್ಟಿದ್ದೇ ಮ್ಯಾಕ್‌ನಲ್ಲಿ. ವಿಂಡೋಸಿಗೆ ಬಂದದ್ದು 1987ರಲ್ಲಿ, ಕೊನೆಯ ಆವೃತ್ತಿ 2001ರದ್ದು. ಮ್ಯಾಕಣ್ಣ ಬೈಯುತ್ತಿದ್ದುದು ತನ್ನ ಕುಲದ ಹಿರಿಯರನ್ನೇ ಎಂದು ಹುಡುಗನೂ ಹೇಳಲಿಲ್ಲ, ಗಿರಾಕಿಯಲ್ಲವೇ. ಇದೇ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡಿದ್ದನ್ನು ಹೋಮ್‌ಸ್ಟೇಗೆ ಬಂದವರಿಗೆಲ್ಲ ವರ್ಣಿಸುವವನೂ ಈ ಮ್ಯಾಕಣ್ಣನೇ. ತನ್ನ ಮ್ಯಾಕ್‌ನಲ್ಲಿ ಅವನು ಕನ್ನಡ ಕೀಲಿಮಣೆ ಹಾಕಿಕೊಂಡದ್ದು ಮಾತ್ರ ಈ ಲಗ್ನಪತ್ರಿಕೆಗೇ ಮೊದಲು.

“ಪಿಡಿಎಫ್ ಮಾಡ್ಕೊಂಡು ಬನ್ನಿ ಅಣ್ಣ. ಫಾಂಟು ಅದರೊಳಗೇ ಇರುತ್ತೆ, ಒಂದಕ್ಷರ ಅಲ್ಲಾಡಲ್ಲ.”

ತಂದ. ನಿಜಕ್ಕೂ ಅಲ್ಲಾಡಲಿಲ್ಲ. ತೊಂದರೆಯಾದದ್ದೂ ಅದರಿಂದಲೇ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರೇ ಇರಲಿಲ್ಲ. ಬೇಲಿ ಒತ್ತಿದವರನ್ನಾದರೂ ನಮ್ಮ ಕಡೆ ಕ್ಷಮಿಸಿಯಾರು, ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟವರ ಮನೆಯ ನೀರೂ ಮುಟ್ಟುವುದಿಲ್ಲ. ತಿದ್ದೋಣವೆಂದು ಮ್ಯಾಕ್ ತೆರೆದರೆ ಚಾರ್ಜಿಲ್ಲ, ಚಾರ್ಜರು ಬೆಂಗಳೂರಿನಲ್ಲಿ.

ಹುಡುಗ ಮಾತಾಡಲಿಲ್ಲ. ಹೋದ ವರ್ಷದ ಯಾವುದೋ ಮದುವೆಯ ಫೈಲು ತೆಗೆದ. ವಧು ಬದಲಾದಳು, ವರ ಬದಲಾದ, ಕಲ್ಯಾಣ ಮಂಟಪ ಹಾಗೇ ಉಳಿಯಿತು, ಅದು ಹೇಗೂ ಅದೇ. ಎದುರಿನ ಹೋಟೆಲಿನಿಂದ ಕಾಫಿ ಬರುವುದರೊಳಗೆ ಪ್ರಿಂಟು ಕೈಯಲ್ಲಿತ್ತು. ಕಾಫಿ ಹೂವಿನ ಜಾಗದಲ್ಲಿ ಎರಡು ಬಾಳೆಗಿಡ. ಸಾಲುಗಳ ನಡುವಿನ ಧಾರಾಳ ಜಾಗದಲ್ಲಿ ಇನ್ನೂ ಎಂಟು ಮಂದಿ ನೆಂಟರು ಹಿಡಿದರು.

ಮೊದಲ ಪ್ರತಿ ದೊಡ್ಡಪ್ಪನ ಕೈಗೆ ಹೋಯಿತು. ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದರು.

“ಅಕ್ಷರ ಚೆನ್ನಾಗಿ ಬಂದಿದೆ ಕಣೋ,” ಅಂದರು. “ಅಲ್ಲ, ನನ್ನ ಹೆಸರು ನಿನ್ನ ಸೋದರಮಾವನ ಹೆಸರಿಗಿಂತ ಕೆಳಗೆ ಯಾಕಿದೆ?”