ಎಳ್ಳ ಅಮಾಸಿ ಯಾವತ್ತು?

ಸೋಲಾಪುರದ ಹತ್ತಿರದ ನಮ್ಮೂರು ಮಂದ್ರೂಪದ ಗಡಿಯಾರ ಹನ್ನೆರಡು ತೋರಿಸಿದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಸರಾಸರಿ 25 ನಿಮಿಷಕ್ಕೂ ಮಿಗಿಲು ತಡ. ಪಾಪ, ಸೂರ್ಯನದೇನೂ ತಪ್ಪಿಲ್ಲ. ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಪಡುವಣಕ್ಕಿದ್ದೇವೆ. ಡಿಗ್ರಿಗೆ 4 ನಿಮಿಷ. ಈ ಏರ್ಪಾಡು ಬಂದದ್ದು 1906ರಲ್ಲಿ. ಮುಂಬಯಿಯವರು ಮಾತ್ರ ಜಗ್ಗದೆ, 39 ನಿಮಿಷ ಹಿಂದಿದ್ದ ತಮ್ಮ ಹಳೆಯ ಗಡಿಯಾರವನ್ನೇ 1955ರವರೆಗೂ ಹಿಡಿದುಕೊಂಡಿದ್ದರು.

ನಮ್ಮ ಆಯಿಗೆ ಇದೆಲ್ಲ ಹುಡುಗಾಟ. ಆಕೆಯ ಪ್ರಕಾರ ಹೊತ್ತು ಮೂಡಿದರಷ್ಟೇ ಹೊಸ ದಿನ. ಮಂಗಳವಾರ ನಸುಕಿನ ಎರಡಕ್ಕೆ ಹುಟ್ಟಿದ ಮೊಮ್ಮಗನನ್ನು ದವಾಖಾನೆಯ ಕಾಗದ ಮಂಗಳವಾರದವನೆಂದರೆ, ಆಯಿ ಸೋಮವಾರದವನೆಂದೇ ಸಾಧಿಸುತ್ತಾಳೆ. ಪಂಚಾಂಗವೂ ಆಕೆಯ ಕಡೆಗೇ. ನಮ್ಮದು ಸೋಲಾಪುರದ್ದೇ ದಾತೆ ಪಂಚಾಂಗ, ಹಾಗಾಗಿ ವಾದಕ್ಕೆ ಬಲ ಹೆಚ್ಚು.

ಆ ಸೋಮವಾರದ ಮೊಮ್ಮಗ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಹೊಲದಲ್ಲಿ ಎಡೆ ಚೆಲ್ಲುವ ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಅವನ ಫೋನು: “ಆಯಿ, ಚರಗ ಚೆಲ್ಲೂದು ಯಾವತ್ತು?”

ತಿಥಿಯೆಂದರೆ ಸೂರ್ಯ ಚಂದ್ರರ ನಡುವಿನ ಅಂತರ. ಅದು ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ. ಸೂರ್ಯೋದಯ ಮಾತ್ರ ಊರಿಗೊಂದು, ಆ ಹೊತ್ತಿಗೆ ಇರುವ ತಿಥಿಯೇ ಆ ಊರಿನ ಆ ದಿನದ ತಿಥಿ. ನಮ್ಮಲ್ಲಿ ಮಧ್ಯಾಹ್ನ ಎರಡಕ್ಕೆ ಅಮಾವಾಸ್ಯೆ ಮುಗಿಯಿತೆನ್ನಿ. ಅಲ್ಲಿ ಆಗ ಅದೇ ತಾರೀಖಿನ ರಾತ್ರಿ ಹನ್ನೆರಡೂವರೆ. ಅವನಿಗೆ ಬೆಳಗಾಗುವಷ್ಟರಲ್ಲಿ ಪಾಡ್ಯ ಬಂದಿರುತ್ತದೆ. ಅಂದರೆ ಅವನು ಹಿಂದಿನ ತಾರೀಖಿಗೇ ಹಬ್ಬ ಮಾಡಬೇಕಿತ್ತು. ನಮ್ಮ ಹಿಂದಿರುವವನು ನಮಗಿಂತ ಮುಂಚೆ! ಇದನ್ನು ಹೇಳಿದಾಗ ಆಯಿ ಕೇಳಿದ್ದು ಒಂದೇ: “ಅಲ್ಲಿ ಚಂದ್ರ ಬ್ಯಾರೆ ಏನೋ?”

ನಾವು ನಾಲ್ಕು ಗಂಟೆಯ ಚಹಾ ಕುಡಿಯುವಾಗ ಲೋಕದಲ್ಲಿ ಮೂರು ತಾರೀಖು ನಡೆಯುತ್ತಿರುತ್ತವೆ ಎಂಬುದನ್ನು ನಾನು ಇನ್ನೂ ಆಕೆಗೆ ಹೇಳಿಲ್ಲ. ಕಿರಿಬಾಟಿಯ ಮೂಡಣ ದ್ವೀಪಗಳಲ್ಲಿ ನಾಳೆ ಆಗಲೇ ಶುರುವಾಗಿರುತ್ತದೆ, ಅಮೆರಿಕನ್ ಸಮೋವಾದಲ್ಲಿ ನಿನ್ನೆ ಇನ್ನೂ ಮುಗಿದಿರುವುದಿಲ್ಲ. ಅದರ ಪಕ್ಕದ ಸಮೋವಾ ದೇಶವಂತೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ವ್ಯಾಪಾರಕ್ಕೆ ಅನುಕೂಲವಾಗಲೆಂದು ದಿನರೇಖೆಯ ಆಚೆಯಿಂದ ಈಚೆಗೆ ಹಾರಿತು. 2011ರ ಡಿಸೆಂಬರ್ 30, ಶುಕ್ರವಾರ, ಅಲ್ಲಿ ಬರಲೇ ಇಲ್ಲ. ಬಾರದ ಆ ದಿನಕ್ಕೂ ಕೆಲಸಗಾರರಿಗೆ ಪಗಾರ ಕೊಡಬೇಕೆಂದು ಸರಕಾರ ಹೇಳಿತು. ನಮ್ಮ ಕಡೆಯ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಗೊತ್ತಾದರೆ ವಾರಕ್ಕೊಂದು ಶುಕ್ರವಾರ ಹಾರಿಸಿರೆಂದು ಅರ್ಜಿ ಹಾಕಿಯಾರು. ಶುಕ್ರವಾರ ಒಪ್ಪತ್ತು ಮಾಡುವ ನಮ್ಮ ಓಣಿಯ ಹೆಂಗಸರದು ಮಾತ್ರ ಬೇರೆ ತಕರಾರು ಇದ್ದೀತು.

ಮೊಮ್ಮಗ ಕೊನೆಗೆ ಚರಗ ಚೆಲ್ಲಿದ್ದು ಶನಿವಾರ. ನಮ್ಮ ಲೆಕ್ಕದಲ್ಲೂ ಅಲ್ಲ, ಅಲ್ಲಿಯ ಲೆಕ್ಕದಲ್ಲೂ ಅಲ್ಲ, ಆಫೀಸಿನ ಲೆಕ್ಕದಲ್ಲಿ. ಜೋಳದ ಹೊಲವಿಲ್ಲದ್ದಕ್ಕೆ ಪಾರ್ಕಿನ ಹುಲ್ಲಿನ ಮೇಲೆ. ಫೋಟೋ ಬಂತು. ಆಯಿ ಸಿಟ್ಟಾಗುತ್ತಾಳೆಂದು ನಾವು ಕಾದೆವು. ಆಕೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, “ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಕಾಣಸ್ತಾವಲ್ಲ, ಅಲ್ಲಿ ಸಜ್ಜಿ ಹಿಟ್ಟ ಎಲ್ಲಿ ಸಿಕ್ತು?” ಎಂದಳು.

“ಗುಜರಾತಿಯವರ ಅಂಗಡ್ಯಾಗ, ಆಯಿ.”